ಟೋಟಲ್ ಲಾಸ್ ಆದ ಕಾರಿಗೆ ನ್ಯಾಯವಾದ ಪರಿಹಾರ: ಚೌಕಾಶಿ ಯಾವ ಅಂಕಿಯ ಮೇಲೆ?

ಪ್ರಶ್ನೆ: ನಾನು ಹಾಸನದವನು. ಮೂರು ವರ್ಷ ನಾಲ್ಕು ತಿಂಗಳು ಹಳೆಯದಾದ ನನ್ನ 1197 ಸಿಸಿ ಪೆಟ್ರೋಲ್ ಕಾರು ಶಿರಾಡಿ ಘಾಟಿಯಲ್ಲಿ ಮಳೆಗೆ ಜಾರಿ ಪಲ್ಟಿಯಾಯಿತು. ಒಳಗಿದ್ದವರಿಗೆ ದೊಡ್ಡ ಪೆಟ್ಟೇನೂ ಆಗಲಿಲ್ಲ. ಪಾಲಿಸಿಯಲ್ಲಿ ಐಡಿವಿ (ಕಾರಿಗೆ ನಿಗದಿಯಾದ ವಿಮಾ ಮೌಲ್ಯ) 6,24,000 ರೂಪಾಯಿ ಎಂದಿದೆ. ಜೀರೊ ಡೆಪ್ (ಸವಕಳಿ, ಅಂದರೆ ಹಳೆಯದಾದುದಕ್ಕೆ ಬೆಲೆ ಕಡಿತ, ಮಾಡದ ಹೆಚ್ಚುವರಿ ರಕ್ಷಣೆ) ತೆಗೆದುಕೊಂಡಿರಲಿಲ್ಲ. ಅಧಿಕೃತ ಸರ್ವಿಸ್ ಸೆಂಟರ್‌ನವರು 6,92,000 ರೂಪಾಯಿಯ ಎಸ್ಟಿಮೇಟ್ ಕೊಟ್ಟಿದ್ದಾರೆ. ವಿಮಾ ಕಂಪನಿಯು ರಿಪೇರಿ ಮಾಡಿಸುವುದಾದರೆ 4,34,000 ಕೊಡುತ್ತೇವೆ, ಇಲ್ಲವಾದರೆ 3,89,000 ಕೊಟ್ಟು ಗಾಡಿಯನ್ನು ನಿಮಗೇ ಬಿಡುತ್ತೇವೆ, ಅದಕ್ಕೆ 2,34,000ದ ಬಿಡ್ ಬಂದಿದೆ, ನೀವೇ ಮಾರಿಕೊಳ್ಳಿ ಎಂದು ಇಮೇಲ್ ಕಳಿಸಿದೆ. ಊರಿನ ಗುಜರಿಯವರು 1,40,000ದ ಮೇಲೆ ಒಂದು ರೂಪಾಯಿ ಏರುತ್ತಿಲ್ಲ. ಇದೇ ಮಾದರಿಯ ಹಳೆಯ ಕಾರುಗಳು ಏಳು ಲಕ್ಷಕ್ಕೆ ಮಾರಾಟಕ್ಕಿವೆ. ಆ ಜಾಹೀರಾತುಗಳನ್ನು ಒಟ್ಟುಮಾಡಿ ಕಂಪನಿಗೆ ಕಳಿಸು ಎಂದು ಅಮೆರಿಕದಲ್ಲಿರುವ ನನ್ನ ತಮ್ಮ ಹೇಳುತ್ತಿದ್ದಾನೆ. ಬ್ಯಾಂಕಿಗೆ ಇನ್ನೂ 2,70,000 ಸಾಲ ಕಟ್ಟಬೇಕು. ನ್ಯಾಯವಾಗಿ ನನಗೆ ಎಷ್ಟು ಬರಬೇಕು, ಅದನ್ನು ಪಡೆಯುವುದು ಹೇಗೆ? ಸರ್ವೇಯರ್ (ಹಾನಿಯನ್ನು ಅಂದಾಜು ಮಾಡುವವರು) ಕೊಟ್ಟ ಲೆಕ್ಕದ ಹಾಳೆಯನ್ನು ಜೊತೆಗೆ ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ತಮ್ಮನ ಸಲಹೆ ಅವರಿರುವ ದೇಶದ ಮಟ್ಟಿಗೆ ಸರಿಯಾದದ್ದೇ. ಅಲ್ಲಿ ಸಾಮಾನ್ಯವಾಗಿ ಅಪಘಾತದ ಹೊತ್ತಿಗೆ ಕಾರಿಗೆ ಮಾರುಕಟ್ಟೆಯಲ್ಲಿ ಇದ್ದ ಬೆಲೆಯನ್ನು ಕೊಡುವುದು ಪದ್ಧತಿ. ಆದ್ದರಿಂದ ಆ ಬೆಲೆ ಎಷ್ಟು ಎಂಬುದರ ಮೇಲೆಯೇ ವಾದ ನಡೆಯುತ್ತದೆ ಮತ್ತು ಅದೇ ಮಾದರಿಯ ಕಾರುಗಳ ಜಾಹೀರಾತುಗಳು ಸಾಕ್ಷ್ಯವಾಗಿ ನಿಲ್ಲುತ್ತವೆ. ನಮ್ಮಲ್ಲಿ ಆ ವಾದಕ್ಕೆ ಜಾಗವಿಲ್ಲ. ನಮ್ಮ ಖಾಸಗಿ ಕಾರಿನ ಪಾಲಿಸಿಯಲ್ಲಿ, ಟೋಟಲ್ ಲಾಸ್ (ಪೂರ್ಣ ನಷ್ಟ) ಕ್ಲೈಮಿನ ಉದ್ದೇಶಕ್ಕಾಗಿ ಐಡಿವಿಯನ್ನೇ ಪಾಲಿಸಿಯ ಇಡೀ ಅವಧಿಯಲ್ಲಿ ಮಾರುಕಟ್ಟೆ ಬೆಲೆ ಎಂದು ಪರಿಗಣಿಸಬೇಕು, ಅದರಿಂದ ಮತ್ತೆ ಸವಕಳಿ ಕಳೆಯಬಾರದು ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಏಳು ಲಕ್ಷದ ಜಾಹೀರಾತು ತೋರಿಸಿ ನೀವು ಹೆಚ್ಚು ಕೇಳುವಂತಿಲ್ಲ. ಹಾಗೆಯೇ ‘ನಿಮ್ಮ ಕಾರು ತುಂಬ ಓಡಿದೆ, ಐದು ಲಕ್ಷಕ್ಕೂ ಬಾಳುತ್ತಿರಲಿಲ್ಲ’ ಎಂದು ಕಂಪನಿ ಕಡಿಮೆ ಮಾಡುವಂತೆಯೂ ಇಲ್ಲ. ಪಾಲಿಸಿ ನವೀಕರಿಸುವಾಗ ತಾನೇ ಒಪ್ಪಿ, ಅದರ ಮೇಲೆ ಪ್ರೀಮಿಯಂ ಪಡೆದ ಬೆಲೆಗೆ ಕಂಪನಿ ಬದ್ಧವಾಗಿರಬೇಕು ಎಂಬ ನಿಲುವನ್ನು 2008ರಲ್ಲಿ ಓರಿಯೆಂಟಲ್ ಇನ್ಶೂರೆನ್ಸ್ ಕಂಪನಿಯ ವಿರುದ್ಧದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ತಳೆದಿದೆ.

ಈ 6,24,000 ಎಲ್ಲಿಂದ ಬಂತು ಎಂಬುದು ತಿಳಿದಿದ್ದರೆ ಮನಸ್ಸಿಗೆ ಸಮಾಧಾನ. ತಯಾರಕರು ಪ್ರಕಟಿಸಿದ ಮಾರಾಟ ಬೆಲೆಯಿಂದ (ನೋಂದಣಿ, ರಸ್ತೆ ತೆರಿಗೆ ಮತ್ತು ವಿಮೆಯ ವೆಚ್ಚ ಇದರಲ್ಲಿ ಸೇರುವುದಿಲ್ಲ) ಕಾರಿನ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ: ಒಂದರಿಂದ ಎರಡು ವರ್ಷದ ಕಾರಿಗೆ ಶೇ. 20, ಎರಡರಿಂದ ಮೂರಕ್ಕೆ ಶೇ. 30, ಮೂರರಿಂದ ನಾಲ್ಕಕ್ಕೆ ಶೇ. 40, ನಾಲ್ಕರಿಂದ ಐದಕ್ಕೆ ಶೇ. 50. ನೀವು ನವೀಕರಿಸಿದಾಗ ಕಾರಿಗೆ ಮೂರು ವರ್ಷ ದಾಟಿರಲಿಲ್ಲವಾದ್ದರಿಂದ ಸುಮಾರು 8.9 ಲಕ್ಷದ ಬೆಲೆಯಲ್ಲಿ ಶೇ. 30 ಕಳೆದು ಈ ಅಂಕಿ ಬಂದಿದೆ. ಅಂತರ್ಜಾಲದಲ್ಲಿ ಪಾಲಿಸಿ ಕೊಳ್ಳುವಾಗ ಐಡಿವಿಯನ್ನು ಸ್ವಲ್ಪ ಇಳಿಸಿ ಪ್ರೀಮಿಯಂನಲ್ಲಿ ಕೆಲವು ನೂರು ರೂಪಾಯಿ ಉಳಿಸುವವರು ಬಹಳ ಮಂದಿ ಇದ್ದಾರೆ. ನೀವು ಆ ಉಳಿತಾಯಕ್ಕೆ ಹೋಗದಿದ್ದುದು ಈಗ ಒಳ್ಳೆಯದೇ ಆಯಿತು.

ಹಾಗಾದರೆ ನಿಮ್ಮ ವಾದ ನಡೆಯಬೇಕಾದದ್ದು ಎರಡು ಕಡೆ ಮಾತ್ರ. ನಿಮ್ಮ ಕಾರು ಟೋಟಲ್ ಲಾಸ್ ಗೆರೆಯನ್ನು ದಾಟಿದೆಯೇ ಎಂಬುದು ಒಂದು. ಜಜ್ಜಿಹೋದ ಗಾಡಿಯನ್ನು, ಅಂದರೆ ಸಾಲ್ವೇಜನ್ನು, ಯಾರು ಯಾವ ಬೆಲೆಗೆ ಹೊರಬೇಕು ಎಂಬುದು ಇನ್ನೊಂದು.

ಪಾಲಿಸಿಯ ಪ್ರಕಾರ, ಗಾಡಿಯನ್ನು ಅಪಘಾತದ ಸ್ಥಳದಿಂದ ಹೊರತೆಗೆಯುವ ಹಾಗೂ ರಿಪೇರಿ ಮಾಡಿಸುವ ಒಟ್ಟು ವೆಚ್ಚವು, ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು, ಐಡಿವಿಯ ಶೇ. 75ನ್ನು ಮೀರಿದರೆ ಅದನ್ನು ಕನ್‌ಸ್ಟ್ರಕ್ಟಿವ್ ಟೋಟಲ್ ಲಾಸ್ (ಪೂರ್ಣ ನಷ್ಟಕ್ಕೆ ಸಮ) ಎಂದು ಪರಿಗಣಿಸಬೇಕು. ನಿಮ್ಮ ಪಾಲಿಗೆ ಆ ಗೆರೆ 4,68,000 ರೂಪಾಯಿ. ಸರ್ವೇಯರ್ ಲೆಕ್ಕ 4,35,000ಕ್ಕೆ ನಿಂತಿದೆ. ಅದರಲ್ಲಿ 1500 ಸಿಸಿವರೆಗಿನ ಕಾರಿಗೆ ಅನ್ವಯಿಸುವ 1,000 ರೂಪಾಯಿ ಕಡ್ಡಾಯ ಕಡಿತ (ಮಾಲೀಕರೇ ಹೊರಬೇಕಾದ ಮೊತ್ತ) ಕಳೆದು ಕಂಪನಿ 4,34,000 ಎಂದಿದೆ. ಅಂದರೆ ಗೆರೆಗೂ ಅವರ ಲೆಕ್ಕಕ್ಕೂ ಇರುವ ಅಂತರ ಕೇವಲ 33,000. ಆ ಅಂತರ ಮುಚ್ಚಿದರೆ ನಿಮ್ಮ ಹಕ್ಕು (ಐಡಿವಿಯಲ್ಲಿ ಅದೇ 1,000 ಕಳೆದು) 6,23,000ಕ್ಕೆ ಏರುತ್ತದೆ. ಮುಚ್ಚದಿದ್ದರೆ 4,34,000ದಲ್ಲೇ ಉಳಿಯುತ್ತದೆ. ಆದ್ದರಿಂದ ‘ಕಡಿಮೆ ಕೊಟ್ಟಿದ್ದೀರಿ, ಅನ್ಯಾಯ’ ಎಂದು ಪುಟಗಟ್ಟಲೆ ಬರೆಯುವುದಕ್ಕಿಂತ ಸರ್ವೇಯರ್ ಹಾಳೆಯ ಒಂದೊಂದು ಸಾಲನ್ನೂ ಪೆನ್ನು ಹಿಡಿದು ಓದುವುದು ಮೇಲು.

ನೀವು ಲಗತ್ತಿಸಿದ ಹಾಳೆಯನ್ನು ಹಾಗೆಯೇ ಓದಿದೆ. ಲೋಹದ ಭಾಗಗಳಿಗೆ 3,20,000 ಒಪ್ಪಿ, ಮೂರರಿಂದ ನಾಲ್ಕು ವರ್ಷದ ಗಾಡಿಗೆ ನಿಗದಿಯಾದ ಶೇ. 25 ಸವಕಳಿ ಕಳೆದು 2,40,000 ಮಾಡಿದ್ದಾರೆ, ಸರಿಯಾಗಿದೆ. ಪ್ಲಾಸ್ಟಿಕ್, ರಬ್ಬರ್ ಮತ್ತು ಏರ್‌ಬ್ಯಾಗ್‌ಗಳಿಗೆ 1,50,000 ಒಪ್ಪಿ ಶೇ. 50 ಕಳೆದು 75,000 ಮಾಡಿದ್ದಾರೆ. ಅದೂ ನಿಯಮದಂತೆಯೇ ಇದೆ. ಗಾಜಿಗೆ ಸವಕಳಿ ಇಲ್ಲ, 28,000 ಪೂರ್ತಿ ಬಂದಿದೆ. ಕೂಲಿಗೂ ಸವಕಳಿ ಇಲ್ಲ, 62,000 ಪೂರ್ತಿ ಬಂದಿದೆ. ಪೇಂಟಿಂಗ್ ಸಾಲಿಗೆ ಬಂದಾಗ ಮಾತ್ರ ನಿಲ್ಲಬೇಕು. ಅಲ್ಲಿ ಒಪ್ಪಿದ 60,000ಕ್ಕೆ ಇಡಿಯಾಗಿ ಶೇ. 50 ಕಳೆದು 30,000 ಎಂದು ಬರೆದಿದ್ದಾರೆ. ಪಾಲಿಸಿಯ ಪ್ರಕಾರ ಪೇಂಟಿಂಗ್‌ನಲ್ಲಿ ಶೇ. 50 ಸವಕಳಿ ಅನ್ವಯಿಸುವುದು ಬಣ್ಣದ ಸಾಮಗ್ರಿಯ ಬೆಲೆಗೆ ಮಾತ್ರ. ಬಿಲ್ ಒಟ್ಟಾಗಿ ಇದ್ದರೆ ಅದರಲ್ಲಿ ಶೇ. 25 ಭಾಗವನ್ನು ಸಾಮಗ್ರಿ ಎಂದು ಹಿಡಿಯಬೇಕು. ಅಂದರೆ 60,000ದಲ್ಲಿ ಸಾಮಗ್ರಿ 15,000, ಅದರ ಅರ್ಧವಾದ 7,500 ಮಾತ್ರ ಕಳೆಯಬೇಕು, ಉಳಿದ 52,500 ಬರಬೇಕು. ಇದೊಂದನ್ನು ತಿದ್ದಿದರೆ ಲೆಕ್ಕ 4,35,000ದಿಂದ 4,57,500ಕ್ಕೆ ಏರುತ್ತದೆ. ಗೆರೆ ಇನ್ನು 10,500 ದೂರ.

ಎಸ್ಟಿಮೇಟ್‌ನಲ್ಲಿದ್ದು ಸರ್ವೇಯರ್ ಕೈಬಿಟ್ಟ 72,000ದಲ್ಲಿ ಅರ್ಧದಷ್ಟು ಒಂದೇ ಭಾಗದ್ದು: 36,000 ರೂಪಾಯಿಯ ಫ್ಲೋರ್ ಪ್ಯಾನೆಲ್. ‘ಬದಲಿಸುವುದು ಬೇಡ, ತಟ್ಟಿ ಸರಿಮಾಡಬಹುದು’ ಎಂದು ಷರಾ ಬರೆದು, ಅದಕ್ಕೆ 8,000 ಕೂಲಿ ಹಾಕಿದ್ದಾರೆ. ಇಂದಿನ ಕಾರುಗಳಿಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇರುವುದಿಲ್ಲ. ನೆಲ, ಕಂಬ, ಛಾವಣಿ ಎಲ್ಲ ಕೂಡಿಯೇ ಹೊರೆಯನ್ನು ಹೊರುತ್ತವೆ. ಪಲ್ಟಿಯಾದ ಕಾರಿನ ನೆಲವನ್ನು ತಟ್ಟಿ ನೇರ ಮಾಡಬಹುದೇ ಎಂಬುದನ್ನು ಕಣ್ಣಳತೆಯಲ್ಲಿ ತೀರ್ಮಾನಿಸಲಾಗದು. ಸರ್ವಿಸ್ ಸೆಂಟರ್‌ನ ಬಾಡಿಶಾಪ್ ಮುಖ್ಯಸ್ಥರನ್ನು ಕಂಡು, ತಯಾರಕರ ರಿಪೇರಿ ಕೈಪಿಡಿಯ ಅಳತೆಗಳ ಪ್ರಕಾರ ಆ ಪ್ಯಾನೆಲ್ ಎಷ್ಟು ಸರಿದಿದೆ, ಬದಲಿಸದೆ ಸುರಕ್ಷತೆಯ ಖಾತರಿ ಕೊಡಲು ತಮಗೆ ಸಾಧ್ಯವೇ ಎಂಬುದನ್ನು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಬದಲಿಸಲೇಬೇಕೆಂದು ಅವರು ಬರೆದುಕೊಟ್ಟರೆ 36,000ದಲ್ಲಿ ಶೇ. 25 ಕಳೆದು 27,000 ಸೇರುತ್ತದೆ, ತಟ್ಟುವ ಕೂಲಿ 8,000 ಹೋಗುತ್ತದೆ. ನಿವ್ವಳ 19,000 ಏರಿ ಲೆಕ್ಕ 4,76,500 ಆಗುತ್ತದೆ. ಕಡ್ಡಾಯ ಕಡಿತ ಕಳೆದರೂ 4,75,500. ಗೆರೆ ದಾಟಿತು.

ಇದಲ್ಲದೆ, ಸರ್ವೇಯರ್ ನೋಡಿದ್ದು ಹೊರಗೆ ಕಾಣುವ ಹಾನಿಯನ್ನು ಮಾತ್ರ. ಪಲ್ಟಿಯಾದ ಗಾಡಿಯ ಸ್ಟೀರಿಂಗ್ ಜೋಡಣೆ, ಎಂಜಿನ್ ಮೌಂಟಿಂಗ್, ವೈರಿಂಗ್, ಸೀಟ್‌ಬೆಲ್ಟ್‌ಗಳ ಹಾನಿ ಬಿಚ್ಚಿದಾಗಲೇ ತಿಳಿಯುತ್ತದೆ. ಬಿಚ್ಚಿದ ಮೇಲೆ ಪೂರಕ ಎಸ್ಟಿಮೇಟ್ ಕೊಡಲು, ಮರು ಪರಿಶೀಲನೆ ಕೇಳಲು ನಿಮಗೆ ಹಕ್ಕಿದೆ. ಆದರೆ ಒಂದು ಎಚ್ಚರಿಕೆ: ಟೋಟಲ್ ಲಾಸ್ ಎಂದಾದರೆ ಬಿಚ್ಚಿದ ಕೂಲಿ, ಎಸ್ಟಿಮೇಟ್ ಶುಲ್ಕ, ದಿನಬಾಡಿಗೆಯ ಪಾರ್ಕಿಂಗ್ ಎಂದು ವರ್ಕ್‌ಶಾಪಿನವರು ನಿಮ್ಮ ಮೇಲೆ ಬಿಲ್ ಹಾಕುವುದುಂಟು, ಕಂಪನಿ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಬಿಚ್ಚುವ ಮುನ್ನ ಎಷ್ಟಾಗುತ್ತದೆ ಎಂದು ಕೇಳಿ, ಸರ್ವೇಯರ್‌ಗೆ ಇಮೇಲ್ ಮೂಲಕ ತಿಳಿಸಿ, ಆಮೇಲೆ ಒಪ್ಪಿಗೆ ಕೊಡಿ. ಘಾಟಿಯಿಂದ ಗಾಡಿ ಎತ್ತಿದ ಕ್ರೇನಿನ ಬಿಲ್ಲನ್ನೂ ಲೆಕ್ಕಕ್ಕೆ ಸೇರಿಸಿ ಎಂದು ಕೇಳಿ. ಹತ್ತಿರದ ಗ್ಯಾರೇಜಿಗೆ ಸಾಗಿಸುವುದಕ್ಕೆ ಪಾಲಿಸಿಯಲ್ಲಿ 1,500 ರೂಪಾಯಿಯ ಮಿತಿ ಇದೆ ಎಂದು ಕಂಪನಿ ಹೇಳುತ್ತದೆ. ಆದರೂ ಗೆರೆಯನ್ನು ಅಳೆಯುವ ಷರತ್ತಿನಲ್ಲಿ ಹೊರತೆಗೆಯುವ ವೆಚ್ಚದ ಮಾತು ಇರುವುದರಿಂದ ಕೇಳದೆ ಬಿಡಬೇಡಿ.

ಸವಕಳಿ ಕಳೆಯುವ ಮೊದಲಿನ ವೆಚ್ಚವನ್ನೇ ಶೇ. 75ರ ಗೆರೆಯೊಂದಿಗೆ ಹೋಲಿಸಬೇಕಲ್ಲವೇ ಎಂದು ನೀವು ಕೇಳಬಹುದು. ಹಾಗೆ ಹೋಲಿಸಿದರೆ ಸರ್ವೇಯರ್ ಒಪ್ಪಿದ 6,20,000 ರೂಪಾಯಿಯೇ ಐಡಿವಿಯ ಶೇ. 99ರಷ್ಟಾಗುತ್ತದೆ, ವಾದವೇ ಬೇಕಿಲ್ಲ. ‘ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು’ ಎಂಬ ಮಾತನ್ನು ಹಿಡಿದು, ಸವಕಳಿ ಕಳೆದ ಮೇಲಿನ ಹೊಣೆಯನ್ನೇ ಹೋಲಿಸಬೇಕು ಎಂದು ಕಂಪನಿಗಳು ಹೇಳುತ್ತವೆ. ಒಂದು ಷರತ್ತಿಗೆ ಎರಡು ಅರ್ಥ ಬರುವಂತಿದ್ದರೆ ಅದನ್ನು ಬರೆದ ಕಂಪನಿಯ ವಿರುದ್ಧವಾಗಿ ಓದಬೇಕೆಂಬ ತತ್ವ ವಿಮಾ ಕಾನೂನಿನಲ್ಲಿದೆ, ಅದನ್ನು ಪತ್ರದಲ್ಲಿ ಒಂದು ಸಾಲಿನಲ್ಲಿ ದಾಖಲಿಸಿ. ನನ್ನ ಅಭಿಪ್ರಾಯದಲ್ಲಿ ಇದು ಎರಡನೆಯ ಸಾಲಿನ ವಾದ. ಪೇಂಟಿಂಗ್ ಮತ್ತು ಫ್ಲೋರ್ ಪ್ಯಾನೆಲ್‌ನ ಲೆಕ್ಕ ನಿಮ್ಮ ಕೈಯಲ್ಲಿರುವಾಗ ಅರ್ಥವ್ಯಾಖ್ಯಾನದ ಜಗಳವನ್ನು ಮುಂದೆ ಮಾಡಬೇಡಿ.

ಇನ್ನು 3,89,000ದ ಪ್ರಸ್ತಾಪ. ಇದರ ಒಳಗುಟ್ಟು ಸರಳವಾಗಿದೆ: ಐಡಿವಿ 6,24,000ದಲ್ಲಿ ಗಾಡಿಯ ಬಿಡ್ 2,34,000 ಮತ್ತು ಕಡ್ಡಾಯ ಕಡಿತ 1,000 ಕಳೆದಿದ್ದಾರೆ. ಇದನ್ನು ‘ನೆಟ್ ಆಫ್ ಸಾಲ್ವೇಜ್’ ಎನ್ನುತ್ತಾರೆ. ಇದರಲ್ಲಿ ಮೂಲತಃ ಮೋಸವಿಲ್ಲ. ಆ 2,34,000 ನಿಜವಾಗಿಯೂ ನಿಮ್ಮ ಕೈಗೆ ಬಂದರೆ ಒಟ್ಟು 6,23,000ವೇ ಆಗುತ್ತದೆ. ಪ್ರಶ್ನೆ ಇರುವುದು ಆ ಬಿಡ್ ಎಷ್ಟು ಗಟ್ಟಿ ಎಂಬುದರಲ್ಲಿ. ಅಂತರ್ಜಾಲದ ಹರಾಜಿನಲ್ಲಿ ದೂರದೂರಿನ ವ್ಯಾಪಾರಿ ಫೋಟೋ ನೋಡಿ ಕೂಗಿದ ಬೆಲೆ ಅದು. ಅದಕ್ಕೆ ಇಂತಿಷ್ಟು ದಿನ ಎಂಬ ಅವಧಿಯಿರುತ್ತದೆ, ಬಂದು ನೋಡಿದ ಮೇಲೆ ‘ಎಂಜಿನ್ ಕೆಟ್ಟಿದೆ’ ಎಂದು ಇಳಿಸುವುದೂ ಉಂಟು. ಆ ಅಪಾಯವನ್ನೆಲ್ಲ ನಿಮ್ಮ ತಲೆಗೆ ಕಟ್ಟಿ ಕಂಪನಿ ಕೈತೊಳೆದುಕೊಳ್ಳುತ್ತಿದೆ. ನಿಮ್ಮೂರಿನ ಗುಜರಿಯವರ 1,40,000ಕ್ಕೆ ಮಾರಿದರೆ ನಿಮಗೆ ಬರುವುದು ಒಟ್ಟು 5,29,000 ಮಾತ್ರ. 94,000 ರೂಪಾಯಿ ನಷ್ಟ.

ಇಲ್ಲಿಯೇ ನಿಮ್ಮ ಅತಿ ಬಲವಾದ ವಾದ ಇದೆ, ಮತ್ತು ಅದು ಕಂಪನಿಯದೇ ಅಂಕಿಗಳಿಂದ ಹುಟ್ಟುತ್ತದೆ. ಬಿಡ್ ನಿಜವಾದರೆ ಕಂಪನಿ ನಿಮಗೆ 6,23,000 ಕೊಟ್ಟು, ಗಾಡಿಯನ್ನು ತಾನೇ ಪಡೆದು, 2,34,000ಕ್ಕೆ ಮಾರಿಕೊಳ್ಳಲಿ. ಆಗ ಅದರ ಕೈಯಿಂದ ಹೋಗುವುದು ನಿವ್ವಳ 3,89,000. ರಿಪೇರಿಗೆಂದು ಅವರೇ ಒಪ್ಪಿರುವ 4,34,000ಕ್ಕಿಂತ ಇದು 45,000 ಕಡಿಮೆ. ತನಗೆ ಲಾಭವಾಗುವ ದಾರಿಯನ್ನು ಕಂಪನಿ ಹಿಡಿಯದಿದ್ದರೆ, ಆ ಬಿಡ್ಡಿನ ಮೇಲೆ ಅದಕ್ಕೇ ನಂಬಿಕೆಯಿಲ್ಲ ಎಂದಾಯಿತು. ನಂಬಿಕೆಯಿಲ್ಲದ ಬೆಲೆಯನ್ನು ನಿಮ್ಮ ಪರಿಹಾರದಿಂದ ಕಳೆಯುವುದಕ್ಕೆ ಆಧಾರವಿಲ್ಲ. ಈ ಮಾತನ್ನು ಕ್ಲೈಮ್ಸ್ ಮ್ಯಾನೇಜರ್‌ಗೆ ಇದೇ ಅಂಕಿಗಳೊಂದಿಗೆ, ಸೌಮ್ಯವಾದ ಭಾಷೆಯಲ್ಲಿ ಬರೆಯಿರಿ. ಗಾಡಿಯನ್ನು ಪಡೆಯಲು ಅವರು ಒಪ್ಪದಿದ್ದರೆ ಎರಡನೆಯ ದಾರಿಯಾಗಿ ಹೀಗೆ ಕೇಳಿ: ಬಿಡ್ ಕೂಗಿದವರ ಹಣ ನಿಮ್ಮ ಬ್ಯಾಂಕ್ ಖಾತೆಗೆ ಪೂರ್ತಿ ಬಂದ ಮೇಲೆಯೇ ಗಾಡಿ ಹೊರಡಬೇಕು, ಅವರು ಹಿಂದೆ ಸರಿದರೆ ಅಥವಾ ಬೆಲೆ ಇಳಿಸಿದರೆ ವ್ಯತ್ಯಾಸವನ್ನು ಕಂಪನಿ ತುಂಬಿಕೊಡಬೇಕು, ಇದು ಇಮೇಲ್‌ನಲ್ಲಿ ಲಿಖಿತವಾಗಿ ಬರಬೇಕು.

ಗಾಡಿಯನ್ನು ನೀವೇ ಮಾರುವ ಪ್ರಸಂಗ ಬಂದರೆ, ಮಾಲೀಕತ್ವ ವರ್ಗಾವಣೆಯ ಖಾಲಿ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿ ಯಾರ ಕೈಗೂ ಕೊಡಬೇಡಿ. ಜಜ್ಜಿಹೋದ ಕಾರಿನ ಆರ್‌ಸಿ ಮತ್ತು ಚಾಸಿ ನಂಬರನ್ನು ಕದ್ದ ಕಾರಿಗೆ ಅಂಟಿಸಿ ಓಡಿಸುವ ದಂಧೆ ದೇಶದಲ್ಲಿ ಹಳೆಯದು. ಕಾರನ್ನು ಮಾರಿದ್ದರೂ ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗಿಲ್ಲದಿದ್ದರೆ, ಮುಂದೆ ಆ ವಾಹನದಿಂದಾದ ಅಪಘಾತಕ್ಕೆ ನೋಂದಾಯಿತ ಮಾಲೀಕನೇ ಹೊಣೆ ಎಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಗಾಡಿ ಇನ್ನು ರಸ್ತೆಗೆ ಇಳಿಯುವುದೇ ಇಲ್ಲ ಎಂದಾದರೆ, ಮೋಟಾರು ವಾಹನ ಕಾಯಿದೆಯ 55ನೇ ಕಲಮಿನ ಪ್ರಕಾರ ಹಾಸನದ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದುಮಾಡಿಸುವುದು ಎಲ್ಲಕ್ಕಿಂತ ಕ್ಷೇಮ. ಆರ್‌ಸಿ ರದ್ದಾದ ಗಾಡಿಗೆ ಬಿಡ್ ಬೆಲೆ ಗಣನೀಯವಾಗಿ ಇಳಿಯುತ್ತದೆ ಎಂಬುದನ್ನೂ ತಿಳಿದಿರಿ. 2,34,000ದ ಬಿಡ್ ಬಹುಮಟ್ಟಿಗೆ ಆರ್‌ಸಿ ಸಹಿತವಾದದ್ದೇ ಇರಬೇಕು. ಕಂಪನಿಯನ್ನು ಈ ಪ್ರಶ್ನೆ ನೇರವಾಗಿ ಕೇಳಿ.

ಪತ್ರ ವ್ಯವಹಾರದ ಕ್ರಮದ ಬಗ್ಗೆ ಎರಡು ಮಾತು. ಸರ್ವೇಯರ್‌ಗೆ ಶುಲ್ಕ ಕೊಡುವುದು ಕಂಪನಿಯಾದರೂ, ಅವರು ವಿಮಾ ನಿಯಂತ್ರಣ ಪ್ರಾಧಿಕಾರದ ಪರವಾನಗಿ ಪಡೆದು ನಿಷ್ಪಕ್ಷಪಾತವಾಗಿ ಕೆಲಸ ಮಾಡಬೇಕಾದವರು. ನಿಮ್ಮ ಕೈಯಲ್ಲಿರುವುದು ಲೆಕ್ಕದ ಹಾಳೆ ಮಾತ್ರ. ಅಂತಿಮ ವರದಿಯ ಪ್ರತಿಯನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಪ್ರಾಧಿಕಾರವು 2024ರಲ್ಲಿ ಹೊರಡಿಸಿದ ಸೂಚನೆಯಂತೆ ಸರ್ವೇಯರ್ 15 ದಿನಗಳಲ್ಲಿ ವರದಿ ಕೊಡಬೇಕು, ವರದಿ ಬಂದ 7 ದಿನಗಳಲ್ಲಿ ಕಂಪನಿ ತೀರ್ಮಾನಿಸಬೇಕು. ಸರ್ವೇಯರ್ ವರದಿ ಮುಖ್ಯವಾದರೂ ಅದೇ ಕೊನೆಯ ಮಾತಲ್ಲ, ಅದರಿಂದ ಬೇರೆಯಾಗಿ ತೀರ್ಮಾನಿಸಬಹುದು ಎಂದು 2009ರಲ್ಲಿ ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೇಕಾದರೆ ನೀವೂ ಮೋಟಾರು ವಿಭಾಗದ ಪರವಾನಗಿ ಇರುವ ಬೇರೊಬ್ಬ ಸರ್ವೇಯರ್‌ರಿಂದ ಸ್ವಂತ ಖರ್ಚಿನಲ್ಲಿ ಅಭಿಪ್ರಾಯ ಪಡೆಯಬಹುದು. ನಿಮ್ಮ ಪ್ರಕರಣದಲ್ಲಿ ಬಾಡಿಶಾಪ್‌ನ ಪತ್ರವೇ ಸಾಕಾಗಬಹುದೆಂದು ನನಗೆ ತೋರುತ್ತದೆ. ಫೋನಿನಲ್ಲಿ ನಡೆದ ಮಾತುಕತೆಯನ್ನು ಅದೇ ದಿನ ‘ಇಂದು ತಾವು ಹೀಗೆ ತಿಳಿಸಿದಿರಿ’ ಎಂದು ಇಮೇಲ್‌ನಲ್ಲಿ ದಾಖಲಿಸುವುದನ್ನು ಮರೆಯಬೇಡಿ.

ಹಣ ಕೊಡುವ ಮುನ್ನ ‘ಪೂರ್ಣ ಮತ್ತು ಅಂತಿಮ ತೃಪ್ತಿಯಿಂದ’ ಎಂದು ಮುದ್ರಿಸಿದ ಡಿಸ್ಚಾರ್ಜ್ ವೋಚರ್ ಕಳಿಸಿದರೆ ಅವಸರಪಡಬೇಡಿ. ಅಂತಹ ವೋಚರ್‌ಗೆ ಸಹಿ ಪಡೆದ ಮಾತ್ರಕ್ಕೆ ಹೆಚ್ಚಿನ ಪರಿಹಾರ ಕೇಳುವ ಗ್ರಾಹಕರ ಹಕ್ಕನ್ನು ಮುಚ್ಚಿಹಾಕುವಂತಿಲ್ಲ ಎಂದು ಪ್ರಾಧಿಕಾರ 2015ರ ಸೆಪ್ಟೆಂಬರ್‌ನಲ್ಲಿಯೇ ಕಂಪನಿಗಳಿಗೆ ತಿಳಿಸಿದೆ. ಆದರೂ, ಸಂತೋಷದಿಂದ ಒಪ್ಪಿದ್ದೀರಿ ಎಂದು ನಾಳೆ ವಾದಿಸಲು ಅವರಿಗೆ ಅವಕಾಶ ಕೊಡುವುದೇಕೆ? ‘ಆಕ್ಷೇಪವನ್ನು ಉಳಿಸಿಕೊಂಡು, ವಿವಾದವಿಲ್ಲದ ಮೊತ್ತವನ್ನು ಮಾತ್ರ ಪಡೆಯುತ್ತಿದ್ದೇನೆ’ ಎಂದು ಬರೆದು ಸಹಿ ಮಾಡಿ, ಅದನ್ನೇ ಇಮೇಲ್‌ನಲ್ಲಿಯೂ ತಿಳಿಸಿ.

ಸಾಲದ ವಿಷಯ ಚಿಕ್ಕದು. ಆರ್‌ಸಿಯಲ್ಲಿ ಬ್ಯಾಂಕಿನ ಹೈಪೋಥಿಕೇಶನ್ (ಸಾಲಕ್ಕೆ ಗಾಡಿ ಅಡವಿದೆ ಎಂಬ ನಮೂದು) ಇರುವವರೆಗೆ ಟೋಟಲ್ ಲಾಸ್ ಹಣದ ಮೇಲೆ ಮೊದಲ ಹಕ್ಕು ಬ್ಯಾಂಕಿನದು. ಬಾಕಿ 2,70,000 ಅಲ್ಲಿಗೆ ಹೋಗಿ ಉಳಿದದ್ದು ನಿಮಗೆ ಬರುತ್ತದೆ. ಕ್ಲೈಮ್ ಇತ್ಯರ್ಥವಾಗುವವರೆಗೆ ಇಎಂಐ ನಿಲ್ಲಿಸಬೇಡಿ. ನಿಲ್ಲಿಸಿದರೆ ಬಡ್ಡಿಯೂ ಬೆಳೆಯುತ್ತದೆ, ಸಿಬಿಲ್ ಅಂಕವೂ ಇಳಿಯುತ್ತದೆ. ಸಾಲ ತೀರಿದ ಕೂಡಲೇ ಎನ್‌ಒಸಿ ಮತ್ತು ಆ ನಮೂದನ್ನು ತೆಗೆಸುವ ಫಾರ್ಮ್ 35 ಪಡೆಯಿರಿ, ಅವಿಲ್ಲದೆ ಆರ್‌ಟಿಒದಲ್ಲಿ ಮುಂದಿನ ಕೆಲಸ ನಡೆಯುವುದಿಲ್ಲ.

ಕ್ಲೈಮ್ಸ್ ಮ್ಯಾನೇಜರ್ ಜಗ್ಗದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದು, ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದಲ್ಲಿಯೂ ದೂರು ದಾಖಲಿಸಿ. ಅದಕ್ಕೂ ತೃಪ್ತಿಕರ ಉತ್ತರ ಬಾರದಿದ್ದರೆ, ಅಥವಾ ಒಂದು ತಿಂಗಳವರೆಗೆ ಉತ್ತರವೇ ಬಾರದಿದ್ದರೆ, ಕರ್ನಾಟಕಕ್ಕೆ ಸಂಬಂಧಿಸಿದ, ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, ಅಂತರ್ಜಾಲದ ಮೂಲಕವೂ ದೂರು ಕೊಡಬಹುದು. ಕಂಪನಿಯ ತಿರಸ್ಕಾರದಿಂದ ಒಂದು ವರ್ಷದೊಳಗೆ ಹೋಗಬೇಕು. ಓಂಬುಡ್ಸ್‌ಮನ್ ಕೊಟ್ಟ ತೀರ್ಪಿಗೆ ಕಂಪನಿ ಬದ್ಧ, ನೀವು ಬದ್ಧರಲ್ಲ. ನಿಮ್ಮಂತಹ ಲೆಕ್ಕದ ವಿವಾದಕ್ಕೆ ನಾನು ಮೊದಲು ಸೂಚಿಸುವುದು ಇದನ್ನೇ. ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗುವ ದಾರಿಯೂ ತೆರೆದಿರುತ್ತದೆ. ಅಲ್ಲಿ ಶುಲ್ಕ ನಿರ್ಧಾರವಾಗುವುದು ನೀವು ಕಟ್ಟಿದ ಪ್ರೀಮಿಯಂ ಮೇಲೆ. ಐದು ಲಕ್ಷದವರೆಗೆ ಶುಲ್ಕವೇ ಇಲ್ಲ. ಆದರೆ ಆಯೋಗದಲ್ಲಿ ದೂರು ಬಾಕಿ ಇರುವಾಗ ಓಂಬುಡ್ಸ್‌ಮನ್ ಅದೇ ವಿಷಯವನ್ನು ಕೈಗೆತ್ತಿಕೊಳ್ಳುವುದಿಲ್ಲ; ಅದಕ್ಕೇ ಕ್ರಮ ತಪ್ಪಬಾರದು.

ನಿಮ್ಮ ಪತ್ರದಲ್ಲಿಲ್ಲದ ಒಂದು ವಿಷಯವನ್ನು ಸೇರಿಸುತ್ತೇನೆ. ಕಾರು ಕೊಂಡಾಗ ನೀವು ಜೀವಾವಧಿ ತೆರಿಗೆ ಕಟ್ಟಿದ್ದೀರಿ, ಐಡಿವಿಯಲ್ಲಿ ಅದು ಸೇರಿಲ್ಲ. ನೋಂದಣಿ ರದ್ದಾದಾಗ ಉಳಿದ ಅವಧಿಗೆ ತಕ್ಕಂತೆ ಅದರ ಒಂದು ಭಾಗವನ್ನು ಮರಳಿ ಪಡೆಯಲು ಕರ್ನಾಟಕದ ಮೋಟಾರು ವಾಹನ ತೆರಿಗೆ ಕಾಯಿದೆಯಲ್ಲಿ ಅವಕಾಶವಿದೆ. ರದ್ದತಿಯ ಅರ್ಜಿ ಕೊಡುವ ದಿನವೇ ಮರುಪಾವತಿಯ ಅರ್ಜಿಯನ್ನೂ ಕೇಳಿ ಪಡೆಯಿರಿ. ಅದೇ ವಾರ ಫಾಸ್ಟ್‌ಟ್ಯಾಗನ್ನು ಮುಚ್ಚಿಸಿ, ಗಾಡಿ ಯಾರ ಕೈ ಸೇರಿದರೂ ನಂಬರ್ ಪ್ಲೇಟುಗಳನ್ನು ಬಿಚ್ಚಿಸಿ ಆರ್‌ಟಿಒಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ.